ಸೈನೈಡ್ ದಿಬ್ಬದ ಅಡ್ಡದಾರಿ

ನಮ್ಮ ತಂಡದಲ್ಲಿ ನಾಲ್ಕು ಜನ. ನಾನು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ಬಾಯಿ ಜೋರು ಅನ್ನುವ ಒಂದೇ ಕಾರಣಕ್ಕೆ ನಾಯಕನಾದವನು. ರಾಬರ್ಟ್‌ಸನ್‌ಪೇಟೆಯ ಸೈಕಲ್ ರಿಪೇರಿಯವನೊಬ್ಬ. ಬೇತಮಂಗಲದ ಕಡೆಯ ಹುಡುಗಿಯೊಬ್ಬಳು, ಹಾಲಿನ ಡೇರಿಯಲ್ಲಿ ಕೆಲಸ, ಓಟದಲ್ಲಿ ನಮ್ಮ ಮೂವರನ್ನೂ ಹಿಂದೆ ಹಾಕುವವಳು. ನಾಲ್ಕನೆಯವನು ಉರಿಗಾಮಿನ ಗಣಿ ಕಾರ್ಮಿಕರ ಲೈನ್ ಮನೆಯ ನನ್ನ ಗೆಳೆಯ, ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಕರೆಂಟ್ ಕಂಬ ಹತ್ತುವುದು ಅವನ ಕೆಲಸ, ಅದೂ ಗುತ್ತಿಗೆಯ ಮೇಲೆ. ಹತ್ತಿದರೆ ಕೆಲಸ, ಇಲ್ಲವಾದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ. ಹೆಂಡತಿ, ಇಬ್ಬರು ಮಕ್ಕಳು ಇದ್ದ ಆ ಮನೆ ನಡೆಯುತ್ತಿದ್ದುದು ಅವನ ಎರಡು ಕಾಲುಗಳ ಮೇಲೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹಸ ರೇಸ್ ಅಂದರೆ ತೆಪ್ಪಕ್ಕೆ ಹುಟ್ಟು ಹಾಕಬೇಕು, ಸೈಕಲ್ ತುಳಿಯಬೇಕು, ಆಮೇಲೆ ನಕ್ಷೆ ನೋಡಿಕೊಂಡು ಗುಡ್ಡಗಾಡಿನಲ್ಲಿ ಓಡಬೇಕು. ನಾಲ್ವರೂ ಒಟ್ಟಿಗೆ ಗೆರೆ ದಾಟಬೇಕು. ಒಬ್ಬರು ಕಡಿಮೆಯಾದರೂ ಓಡಿದ್ದೆಲ್ಲ ದಂಡ. ಮೊದಲ ರೇಸಿನಲ್ಲಿ ನಮ್ಮ ತೆಪ್ಪ ಮಗುಚಿತು. ಎರಡನೆಯದರಲ್ಲಿ ನಕ್ಷೆ ಓದಲು ಬಾರದೆ ಹತ್ತಬೇಕಾದ ಬೆಟ್ಟ ಬಿಟ್ಟು ಪಕ್ಕದ್ದು ಹತ್ತಿದೆವು. ಬೆಂಗಳೂರಿನಿಂದ ಬಂದಿದ್ದ ತಂಡದವನೊಬ್ಬ ಬೆನ್ನು ತಟ್ಟಿ, "ಪರವಾಗಿಲ್ಲ ಬಿಡಿ, ಇಷ್ಟು ದೂರ ಬಂದಿದ್ದೇ ದೊಡ್ಡದು" ಅಂದ. ಮೈಯೆಲ್ಲ ಉರಿದುಹೋಯಿತು. ಎಷ್ಟೋ ದಿನ ಊಟಕ್ಕೆ ಕೂತರೂ ಆ ಮಾತೇ.

ಮೂರನೆಯ ರೇಸ್ ನಮ್ಮೂರಿಗೇ ಬಂತು. ಬೇತಮಂಗಲದ ಕೆರೆಯಲ್ಲಿ ಶುರು, ರಾಬರ್ಟ್‌ಸನ್‌ಪೇಟೆಯ ಒಂದು ಮೈದಾನದಲ್ಲಿ ಮುಗಿಯುವುದು. ಚಿನ್ನ ತೆಗೆದು ಉಳಿದ ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬಗಳ ಸುತ್ತ ನಕ್ಷೆಯಲ್ಲಿ ಕೆಂಪು ಗೆರೆ ಎಳೆದಿದ್ದರು. ಒಳಗೆ ಕಾಲಿಟ್ಟ ತಂಡ ಔಟ್. ದಿಬ್ಬ ಬಳಸಿಕೊಂಡು ಹೋದರೆ ರೇಸಿಗೆ ಕೊಟ್ಟ ಹೊತ್ತು ಮೀರುತ್ತದೆ ಅನ್ನುವುದು ನನ್ನ ಲೆಕ್ಕ. ಚಿಕ್ಕವರಿದ್ದಾಗ ಗೋಣಿಚೀಲ ಹಾಸಿಕೊಂಡು ಅದೇ ದಿಬ್ಬದಿಂದ ಜಾರಿ ಆಡಿದವರು ನಾವು. ಬೇರೆ ಊರಿನವರಾಗಿದ್ದರೆ ಆ ಗೆರೆಗೆ ಹೆದರುತ್ತಿದ್ದರು. ನಮಗೆ ಅದು ನಗೆಪಾಟಲಾಗಿ ಕಂಡಿತು.

"ನಮ್ ದಿಬ್ಬಕ್ಕೆ ಇವ್ರೇನ್ಲಾ ಗೆರೆ ಎಳಿಯೋದು, ನಡೀರಿ" ಅಂದೆ.

ಮೂವರೂ ಬಂದರು. ಆದರೆ ನಾವು ಜಾರಿ ಆಡಿದ್ದು ಯಾವ ಕಾಲದಲ್ಲೋ. ಅಷ್ಟು ವರ್ಷದ ಮಳೆ ದಿಬ್ಬವನ್ನು ಒಳಗೊಳಗೇ ಕೊರೆದಿತ್ತು. ಮೇಲೆ ಗಟ್ಟಿ ಪದರ, ಕೆಳಗೆ ಪೊಳ್ಳು. ಇಳಿಯುವಾಗ ಗೆಳೆಯನ ಬಲಗಾಲು ಮಂಡಿಯವರೆಗೆ ಒಳಗೆ ಹೋಯಿತು, ಮೈ ಮುಂದಕ್ಕೆ ಬಿತ್ತು. ಒಣಕಡ್ಡಿ ಮುರಿದ ಹಾಗೆ ಸದ್ದು. ಎಳೆದು ತೆಗೆದಾಗ ಪಾದ ಪಕ್ಕಕ್ಕೆ ತಿರುಗಿತ್ತು.

"ಓಯ್ತು ಕಣ್ ಮಚ್ಚಾ" ಅಂದ, ಅಷ್ಟೇ.

ಹುಡುಗಿ ಆಗಲೇ ಫೋನ್ ತೆಗೆದಿದ್ದಳು. "ಅಣ್ಣಾ, ಸಹಾಯಕ್ಕೆ ಅಂತ ನಂಬರ್ ಕೊಟ್ಟವ್ರಲ್ಲ, ಕರೀತೀನಿ. ಇಲ್ಲಿಗೇ ಬರ್ಲಿ."

"ಇಲ್ಲಿಗೆ ಕರ್ಸಿದ್ರೆ ಔಟ್ ಮಾಡ್ತಾರೆ. ಕೆಳಗೆ ರಸ್ತೆಗಿಳ್ದು ಅಲ್ಲಿಂದ ಕರೆಯೋಣ" ಅಂದೆ. ಗೆಳೆಯನ ಕಡೆ ತಿರುಗಿ, "ನಡೀತೀಯೇನ್ಲಾ?" ಅಂತ ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. "ನೀನ್ ನಡಿ ಅಂದ್ರೆ ನಡೀತೀನಿ."

"ನಡಿ" ಅಂದೆ.

ನಾನೂ ಸೈಕಲ್‌ನವನೂ ಆಚೀಚೆ ಹೆಗಲು ಕೊಟ್ಟೆವು. ಆ ಜಾರುವ ಮಣ್ಣಿನಲ್ಲಿ ಒಂದೇ ಕಾಲಲ್ಲಿ ಇಳಿಯುವುದು ಯಾರಿಂದಾದೀತು? ಮುರಿದ ಕಾಲು ನೆಲಕ್ಕೆ ತಗಲುತ್ತಲೇ ಇತ್ತು. ತಗಲಿದಾಗಲೆಲ್ಲ ಅವನ ಬೆರಳು ನನ್ನ ಕತ್ತಿನ ಚರ್ಮ ಹಿಡಿಯುತ್ತಿತ್ತು. ರಸ್ತೆ ಬಂತು. ಹುಡುಗಿ ಮತ್ತೆ ಫೋನ್ ತೆಗೆದಳು. ಅಲ್ಲಿಂದ ಮೈದಾನದ ಮೈಕಿನ ಸದ್ದು ಕೇಳುತ್ತಿತ್ತು. ದೇವರಾಣೆಗೂ ಆಗ ನನಗೆ ಅವನ ಕಾಲು ಕಾಣಲಿಲ್ಲ, ಬೆನ್ನು ತಟ್ಟಿದವನ ಮುಖ ಕಂಡಿತು. "ಇನ್ನೊಂಚೂರು, ಬಂದೇಬಿಡ್ತು" ಅಂದೆ. ಹುಡುಗಿ ಅಳುತ್ತಾ ಹಿಂದೆ ಬಂದಳು.

ನಾಲ್ವರೂ ಒಟ್ಟಿಗೆ ಗೆರೆ ದಾಟಿದೆವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಗೆಳೆತನ ಅಂದರೆ ಇದು ಅಂತ ಮೈಕಿನಲ್ಲಿ ಕೂಗಿದರು. ಅವನ ಕೊರಳಿಗೆ ಪದಕ ಹಾಕುವಾಗ ಅವನು ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು, "ಮುರಿದ ಮೇಲೆ ಎಷ್ಟು ದೂರ ನಡೆದೆ?" ಅಂತ ಕೇಳಿದರು.

"ಮೈದಾನದತ್ರಾನೇ ಬಿದ್ದಿದ್ದು ಸಾರ್, ನಾಕೆಜ್ಜೆ" ಅಂದ.

ಡಾಕ್ಟರು ನಂಬಲಿಲ್ಲ. ಬಿದ್ದಲ್ಲೇ ಕೂತಿದ್ದರೆ ಕಟ್ಟು ಹಾಕಿ ಸರಿಮಾಡಬಹುದಿತ್ತು, ಈಗ ಮೂಳೆ ಪುಡಿಯಾಗಿದೆ ಅಂದರು. ಎರಡು ಸಲ ಆಪರೇಷನ್ ಆಯಿತು. ಪಾದ ಮಡಚುವುದಿಲ್ಲ. ಆ ಕಾಲು ಕಂಬದ ಮೇಲೆ ನಿಲ್ಲುವುದಿಲ್ಲ. ಈಗ ಒಂದು ಮದುವೆ ಛತ್ರದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವನ ಹೆಂಡತಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗುತ್ತಾಳೆ.

ಒಂದು ಭಾನುವಾರ ಊಟಕ್ಕೆ ಕರೆದರು. ತಪ್ಪಿಸಿಕೊಳ್ಳಲು ನೆಪ ಸಿಗದೆ ಹೋದೆ. ಮುದ್ದೆ, ಕೋಳಿ ಸಾರು. ಅವನ ಹೆಂಡತಿ ಬಡಿಸುತ್ತಾ ಹೇಳಿದಳು: "ಇವ್ರು ಎಲ್ಲಾ ಏಳವ್ರೆ ಅಣ್ಣಾ. ಬೇರೆಯವ್ರಾಗಿದ್ರೆ ಬಿಟ್ಟೋಗ್ತಿದ್ರು. ನೀವು ಎಗಲು ಕೊಟ್ಟು ಕರ್ಕೊಂಡ್ ಬಂದ್ರಂತೆ. ನಿಮ್ ಋಣ ತೀರ್ಸಕಾಗಲ್ಲ."

ನಾನು ಗೆಳೆಯನ ಕಡೆ ನೋಡಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಔದು, ಇವ್ನಿಲ್ದಿದ್ರೆ ಅಲ್ಲೇ ಬಿದ್ದಿರ್ತಿದ್ದೆ" ಅಂದ.

ಇಲ್ಲಮ್ಮ, ಆ ಕಾಲು ಹಾಳು ಮಾಡಿದವನು ನಾನೇ ಅನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅವಳು ಬೇಡ ಅಂದರೂ ಕೇಳದೆ ಇನ್ನೊಂದು ಮುದ್ದೆ ಹಾಕಿದಳು. ನಾನು ಸಾರು ಹಾಕಿಸಿಕೊಂಡು ಅದನ್ನೂ ತಿಂದು ಮುಗಿಸಿದೆ.