ಎಡಕ್ಕೆ ತಿರುಗುವಾಗ ತಡ

ಬೆಂಗೇರಿಯ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಸೈಕಲ್ ದುರಸ್ತಿಯ ಅಂಗಡಿ ಇತ್ತು. ಅದರ ಬಾಗಿಲಿನ ಹಲಗೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದಿದ್ದರು. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ, ಫುಟ್‌ಬಾಲ್ ಲೀಗ್ ನಡೆಯುವ ತಿಂಗಳುಗಳಲ್ಲಿ, ಪ್ರತಿ ಪಂದ್ಯದ ಹಿಂದಿನ ದಿನ ಆ ಹಲಗೆಯ ಮೇಲೆ ನಮ್ಮ ಓಣಿಯ ತಂಡದ ಸ್ಥಿತಿಗತಿಯನ್ನು ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿಯಿತ್ತು. ಯಾರು ಆಡುತ್ತಾರೆ, ಯಾರಿಗೆ ಎಲ್ಲಿ ಪೆಟ್ಟಾಗಿದೆ, ಎದುರಾಳಿಗಳನ್ನು ತಡೆಯುವ ಶಕ್ತಿ ನಮಗೆ ಎಷ್ಟಿದೆ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಗಾಯಾಳುಗಳ ಹೆಸರೇ ಹೆಚ್ಚಾಗಿರುತ್ತಿದ್ದುದರಿಂದ ಜನ ಅದನ್ನು ‘ದವಾಖಾನಿ ಪಟ್ಟಿ’ ಎಂದು ಕರೆಯುತ್ತಿದ್ದರು.

ಆ ಪಟ್ಟಿಯನ್ನು ಬರೆಯುವ ಕೆಲಸ ನನಗೆ ಬಂದದ್ದು ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿದ ವರ್ಷ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿರಲಿಲ್ಲ. ತಂದೆ ಸಹಿ ಮಾಡುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಆದ್ದರಿಂದ ನಾನು ಬರೆದದ್ದರಲ್ಲಿ ತಪ್ಪಿರಬಾರದೆಂಬ ಭಯ ನನಗೆ ಸದಾ ಇತ್ತು. ಸೈಕಲ್ ಅಂಗಡಿಯ ಹಲಗೆಯ ಮೇಲೆ ಬರೆಯುವಾಗಲೂ ಪರೀಕ್ಷೆಯ ಉತ್ತರಪತ್ರಿಕೆಯ ಮುಂದೆ ಕುಳಿತವನ ಹಾಗೆಯೇ ಬರೆಯುತ್ತಿದ್ದೆ.

ಅಂಗಡಿಯ ಮಾಲೀಕರು ಒಂದು ಕಾಲಕ್ಕೆ ನಮ್ಮ ತಂಡದ ಗೋಲಿ, ಅಂದರೆ ಗೋಲ್‌ಕೀಪರ್, ಆಗಿದ್ದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಎದುರಿಗೆ ಗಿರಮಿಟ್ಟಿನ ಕೈಗಾಡಿ ನಿಲ್ಲಿಸುತ್ತಿದ್ದ ಕಾಕಾ ತಂಡದ ಹುಟ್ಟಾ ಟೀಕಾಕಾರರು. ಆ ವರ್ಷ ಅವರ ಟೀಕೆಗೆ ಕಾರಣಗಳೂ ಸಾಕಷ್ಟಿದ್ದವು. ಮೂರು ಪಂದ್ಯಗಳಲ್ಲಿ ನಾವು ಏಳು ಗೋಲು ಬಿಟ್ಟುಕೊಟ್ಟಿದ್ದೆವು.

“ಹಿಂದ ಗ್ವಾಡಿ ಅನ್ನೂದ ಉಳದಿಲ್ರಿ. ತೆರದ ಹೊಲಕ್ಕ ದನಾ ಹೊಕ್ಕಂಗ ಹೊಕ್ಕೊಂತ ಬರ್ತಾರ,” ಎಂದರು ಕಾಕಾ, ಶನಿವಾರದ ಆ ಮಧ್ಯಾಹ್ನ, ಚುರಮುರಿಗೆ ಉಳ್ಳಾಗಡ್ಡಿ ಬೆರೆಸುತ್ತ.

“ಗೋಲಿ ಬಟ್ಟ ಮುರಕೊಂಡಾನ. ಎಡಗಡೆ ಬ್ಯಾಕ್ ಆಡಾಂವನ ಕಾಲಿಗೆ ಪ್ಲಾಸ್ಟರ್ ಹಾಕ್ಯಾರ,” ಎಂದರು ಚಾಚಾ. “ಗ್ವಾಡಿ ಎಲ್ಲಿಂದ ತರೂಣು? ನಿನ್ನ ಗಾಡಿ ಅಡ್ಡ ನಿಲ್ಲಸ್ತೀಯೇನು?”

“ನಿಲ್ಲಸ್ತೇನಿ ತಗೋರಿ! ನಿಮ್ಮ ಸ್ಟಾಪರಗಿಂತ ನನ್ನ ಗಾಡಿ ಲಗೂ ತಿರಗತೇತಿ.”

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಕಾಕಾ ತಮಾಷೆಗೆ ಹೇಳಿದ್ದನ್ನು ನಾನು ಮೂರು ಪಂದ್ಯಗಳಿಂದ ಗಮನಿಸುತ್ತಲೇ ಬಂದಿದ್ದೆ.

ಸ್ಟಾಪರ್ ಎಂದರೆ ಗೋಲಿನ ಮುಂದೆ, ರಕ್ಷಣೆಯ ನಟ್ಟನಡುವೆ ನಿಲ್ಲುವ ಆಟಗಾರ. ನಮ್ಮ ಸ್ಟಾಪರ್ ಚಾಚಾ ಅವರ ಅಂಗಡಿಯಿಂದ ಎರಡನೆಯ ಅಂಗಡಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ನನಗಿಂತ ನಾಲ್ಕಾರು ವರ್ಷ ದೊಡ್ಡವನಾದುದರಿಂದ ನಾನು ಅವನನ್ನು ಅಣ್ಣಾ ಎನ್ನುತ್ತಿದ್ದೆ. ನಗರದ ಒಂದು ದೊಡ್ಡ ಕಾರ್ಖಾನೆ ತನ್ನ ತಂಡಕ್ಕಾಗಿ ಆಟಗಾರರಿಗೆ ಕೆಲಸ ಕೊಡುತ್ತಿತ್ತು. ವಯಸ್ಸಿನ ಮಿತಿಯ ಪ್ರಕಾರ ಅವನಿಗೆ ಅದೇ ಕೊನೆಯ ವರ್ಷ. ಮರುದಿನ, ಕಮರಿಪೇಟೆಯ ತಂಡದ ವಿರುದ್ಧದ ಪಂದ್ಯವನ್ನು ನೋಡಲು ಕಾರ್ಖಾನೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಇದು ಓಣಿಗೆಲ್ಲ ಗೊತ್ತಿತ್ತು. ಅವನ ಬಲ ಮೊಣಕಾಲು ನೋಯುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಬಲಗಾಲನ್ನು ಒತ್ತಿ ಎಡಕ್ಕೆ ಹೊರಳುವಾಗ ಅವನು ಅರೆಕ್ಷಣ ಹಿಂಜರಿಯುವುದನ್ನು ಕಂಡು ನಾನಾಗಿಯೇ ಊಹಿಸಿದ್ದೆ.

“ನಮ್ಮ ಬಿ.ಎ. ಸಾಹೇಬ್ರು ಏನಂತಾರ?” ಎಂದು ಚಾಚಾ ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು.

ನಾನು ಗೋಲಿಯ ಬೆರಳನ್ನು ಬರೆದೆ, ಎಡಬ್ಯಾಕಿನ ಕಾಲನ್ನು ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅರಿತದ್ದನ್ನು ಬರೆಯದಿದ್ದರೆ ಪಟ್ಟಿ ಅಪೂರ್ಣವಾಗುತ್ತದೆ ಎಂದು ನನಗೆ ತೋರಿತು. ಕೆಳಗೆ ದುಂಡಾದ ಅಕ್ಷರಗಳಲ್ಲಿ ಸೇರಿಸಿದೆ: “ಸ್ಟಾಪರ್: ಬಲ ಮೊಣಕಾಲಿನಲ್ಲಿ ನೋವಿರುವ ಲಕ್ಷಣಗಳಿವೆ. ಎಡಕ್ಕೆ ತಿರುಗುವಾಗ ತಡವಾಗುತ್ತದೆ.”

“ಏನ್ ಬರದೀಯಪಾ! ಪೇಪರಿನ್ಯಾಗ ಬಂದಂಗ ಐತಿ,” ಎಂದರು ಕಾಕಾ. ನನಗೆ ಹಿಗ್ಗಾಯಿತು, ಅದನ್ನು ಮುಚ್ಚಿಡುವುದರಿಂದ ಈಗ ಪ್ರಯೋಜನವಿಲ್ಲ.

ಸಂತೆಯ ದಿನವಾದ್ದರಿಂದ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಸೈಕಲ್ಲಿಗೆ ಗಾಳಿ ಹಾಕಿಸಲು ಕಾದಿದ್ದ ಇಬ್ಬರು ತರುಣರು ಹಲಗೆಯನ್ನು ಓದಿದರು. ಒಬ್ಬ ಕೊನೆಯ ಸಾಲನ್ನು ಮೆಲ್ಲಗೆ ಎರಡು ಸಲ ಓದಿ, ಇನ್ನೊಬ್ಬನ ಮುಖ ನೋಡಿದ. ಗಾಳಿ ತುಂಬಿಸಿಕೊಂಡು ಇಬ್ಬರೂ ಹೊರಟುಹೋದ ಮೇಲೆ ಚಾಚಾ ಪಂಪನ್ನು ಕೈಬಿಟ್ಟು ನಿಂತರು.

“ಅರೆ ಅಲ್ಲಾ! ಅವರಿಬ್ರೂ ಕಮರಿಪೇಟಿ ಹುಡುಗ್ರಲಾ! ಆ ಎತ್ತರದಾಂವ ಅವರ ಫಾರ್ವರ್ಡ್!”

ನಮ್ಮ ಬೇನೆಯನ್ನು ನಾವೇ ಊರಿನ ಸಂತೆಯಲ್ಲಿ ಹರಡಿಟ್ಟು ಕುಳಿತಿದ್ದೇವೆ ಎಂಬುದು ಅಷ್ಟು ವರ್ಷಗಳಲ್ಲಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹಿಂದಿನವರು ‘ಕಾಲು ನೋವು’ ಎಂದಷ್ಟೇ ಬರೆಯುತ್ತಿದ್ದುದರಿಂದ ಅದು ಯಾರ ಉಪಯೋಗಕ್ಕೂ ಬಂದಿರಲಿಲ್ಲ. ಉಪಯೋಗಕ್ಕೆ ಬರುವ ಹಾಗೆ ಬರೆದವನು ನಾನೇ ಮೊದಲಿಗ.

ಅಂಗಿಯ ತೋಳಿನಿಂದ ಅಕ್ಷರ ಒರೆಸಲು ಹೋದೆ. ಅಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು. “ತಡಿ, ಓದೂಣು.”

ಸ್ಟಾಪರ್ ಬಂದು ನಿಂತಿದ್ದ. ಕಿಡಿ ಸಿಡಿದು ತೂತುಬಿದ್ದ ಅಂಗಿ, ಹಣೆಗೇರಿಸಿದ ಕಪ್ಪು ಕನ್ನಡಕ. ಹಲಗೆಯನ್ನು ನಿಧಾನವಾಗಿ ಓದಿದ. ಕಾಕಾ ಸೌಟನ್ನು ಕೆಳಗಿಟ್ಟಿದ್ದರು.

“ಖರೇ ಬರದಿ,” ಎಂದ ಅವನು. “ಆದ್ರ ಮದ್ಲ ನನಗ ಹೇಳಬೇಕಿತ್ತಲ್ಲೋ ತಮ್ಮಾ. ನಾ ಏನ್ ದೂರ ಇದ್ನಿ? ಇಲ್ಲೇ ಎರಡನೇ ಅಂಗಡ್ಯಾಗ ಇದ್ನೆಲ್ಲ.”

ಒರೆಸಲು ಮತ್ತೆ ತೋಳೆತ್ತಿದೆ.

“ಒರಸಬ್ಯಾಡ. ನೀ ಒರಸಿದ್ರ ಓದಿದವರು ಮರೀತಾರೇನು?”

“ನಾಳೆ ಆಡಬ್ಯಾಡ ಬೇಟಾ,” ಎಂದರು ಚಾಚಾ. “ಮ್ಯಾಚಿಗಿಂತ ಕಾಲು ದೊಡ್ಡದು.”

“ನೋಡಾವ್ರು ನಾಳೆ ಬರ್ತಾರ್ರಿ ಚಾಚಾ. ನಾಡದ ಬರೂದಿಲ್ಲ.”

ಮರುದಿನ ಮಧ್ಯಾಹ್ನ ಮೈದಾನದ ಸುಣ್ಣದ ಗೆರೆಯ ಹೊರಗೆ ಚಾಚಾ, ಕಾಕಾ, ನಾನು ಮೂವರೂ ನಿಂತಿದ್ದೆವು. ಆಟ ಆರಂಭವಾಗುತ್ತಲೇ ಕಮರಿಪೇಟೆಯವರ ಮೊದಲ ಉದ್ದ ಚೆಂಡು ಸ್ಟಾಪರನ ಎಡಕ್ಕೆ ಬಂತು. ಎರಡನೆಯದೂ ಅಲ್ಲಿಗೇ. ಮೂರನೆಯದೂ ಅಲ್ಲಿಗೇ ಬಂದಾಗ ನನ್ನ ಅಕ್ಷರದ ಗುರುತು ನನಗೆ ಸಿಕ್ಕಿತು.

ಆದರೆ ಅವನೂ ಆ ಹಲಗೆಯನ್ನು ಓದಿದವನೇ. ತನ್ನ ಎಂದಿನ ಜಾಗದಿಂದ ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದ. ಹೊರಳುವ ಅಗತ್ಯವೇ ಬೀಳದಂತೆ, ಚೆಂಡು ಬರುವ ಮೊದಲೇ ಅಲ್ಲಿರುತ್ತಿದ್ದ. ತಲೆಯಿಂದ ಹೊಡೆದ, ಎದೆಯಿಂದ ತಡೆದ. ಕಾಕಾ ನನ್ನ ಬೆನ್ನಿಗೆ ಗುದ್ದುತ್ತ, “ಗ್ವಾಡಿ! ಗ್ವಾಡಿ ಅಂದ್ರ ಇದು ನೋಡ!” ಎಂದು ಕೂಗಿದರು. ಕುರ್ಚಿಯಲ್ಲಿ ಕುಳಿತಿದ್ದ ಅಧಿಕಾರಿ ಚೀಟಿಯಲ್ಲಿ ಏನನ್ನೋ ಬರೆದುಕೊಂಡರು. ಅವರು ಏನು ಬರೆದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಎಡಕ್ಕೆ ಎರಡು ಹೆಜ್ಜೆ ಸರಿದರೆ ಬಲಕ್ಕೆ ಎರಡು ಹೆಜ್ಜೆ ಬಯಲಾಗುತ್ತದೆ. ಆಟ ಮುಗಿಯುವ ಹೊತ್ತಿಗೆ ಆ ಎತ್ತರದ ಫಾರ್ವರ್ಡ್ ಅದನ್ನು ಕಂಡುಕೊಂಡ. ಬಲಬದಿಯಿಂದ ನುಗ್ಗಿ ಬಂದ ಒಂದೇ ಒಂದು ಚೆಂಡು ಗೋಲಾಯಿತು. ನಾವು ಸೋತೆವು.

ಪಂದ್ಯದ ಬಳಿಕ ಅಧಿಕಾರಿ ಅವನನ್ನು ಕರೆದು, ಮೊಣಕಾಲಿಗೆ ಏನಾಗಿದೆ ಎಂದು ವಿಚಾರಿಸಿದರು. ನಾವು ಕೇಳಿಸುವಷ್ಟು ಹತ್ತಿರದಲ್ಲಿದ್ದೆವು.

“ಎರಡು ತಿಂಗಳಾತ್ರಿ, ನೋವೈತ್ರಿ,” ಎಂದ ಅವನು.

ಅಧಿಕಾರಿ ಅತ್ತ ಹೋಗುತ್ತಲೇ ಕಾಕಾ ತಲೆ ಚಚ್ಚಿಕೊಂಡರು. “ಏನೂ ಇಲ್ಲಂತ ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ ಹುಚ್ಚಪ್ಪಾ!”

“ಸಂತ್ಯಾಗ ಬೋರ್ಡ್ ಬರದು ಹಾಕೀರಿ. ಇನ್ನ ನಾ ಇಲ್ಲಂದ್ರ ಯಾರ್ ನಂಬ್ತಾರ್ರಿ ಕಾಕಾ?” ಎಂದು ಅವನು ನಕ್ಕ. ಆ ನಗೆಯಲ್ಲಿ ನನಗೆ ಪಾಲು ಕೊಡಲಿಲ್ಲ ಎಂದು ಆಗ ನನಗೆ ಅನ್ನಿಸಿತು.

ಅನಂತರದ ದಿನಗಳಲ್ಲಿ ನಾನು ಅಂಗಡಿಯ ದಾರಿಯನ್ನು ಬಿಟ್ಟು ಸುತ್ತುಬಳಸಿ ಮನೆಗೆ ಹೋಗುತ್ತಿದ್ದೆ. ಹಲಗೆ ಖಾಲಿಯಾಗಿಯೇ ಇತ್ತಂತೆ. ಲೀಗಿನ ಕೊನೆಯ ಪಂದ್ಯದ ಹಿಂದಿನ ಶನಿವಾರ ಅವನೇ ನಮ್ಮ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಕಾರ್ಖಾನೆಯಿಂದ ಬಂದ, ಇನ್ನೂ ಒಡೆಯದ ಲಕೋಟೆ ಇತ್ತು. ಅವ್ವ ನೀರು ಕೊಟ್ಟಳು. ಅವನು ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತ.

“ಇಂಗ್ಲಿಷಿನ್ಯಾಗ ಇರತೇತಿ. ನೀ ಓದು.”

ಪತ್ರದಲ್ಲಿದ್ದದ್ದು ಮೂರು ಸಾಲು. ಮೊದಲ ಸಾಲಿನಲ್ಲೇ ತಿಳಿಯಿತು. ಆದರೂ ತಪ್ಪಾಗಿ ಓದಿರಬಹುದೆಂದು ಆಸೆಪಟ್ಟು ಮತ್ತೊಮ್ಮೆ ಓದಿದೆ. ನಯವಾಗಿ ಹೇಳಬಲ್ಲ ಗ್ರಂಥಸ್ಥ ವಾಕ್ಯಗಳು ಹಲವು ನೆನಪಿಗೆ ಬಂದವು. ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಣ್ಣಾ, ಆಗಿಲ್ಲ,” ಎಂದೆ.

ಅವನು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟ. “ಯಾಕ ಅಂತ ಬರದಾರೇನು?”

“ಇಲ್ಲ. ಬರದಿಲ್ಲ.”

ಮೊಣಕಾಲಿಗಾಗಿಯೋ, ಬಲಬದಿಯ ಆ ಗೋಲಿಗಾಗಿಯೋ, ಅವನಿಗಿಂತ ಉತ್ತಮನೊಬ್ಬ ಸಿಕ್ಕಿದ್ದಕ್ಕೋ, ಆ ಪತ್ರದಿಂದ ತಿಳಿಯುವಂತಿರಲಿಲ್ಲ. ನನ್ನ ಆ ಒಂದು ಸಾಲಿನ ಪಾಲು ಅದರಲ್ಲಿ ಎಷ್ಟೆಂದು ಇಷ್ಟು ವರ್ಷಗಳ ನಂತರವೂ ನಾನು ಖಚಿತವಾಗಿ ಹೇಳಲಾರೆ. “ನನ್ನಿಂದ ಆತೇನು ಅಣ್ಣಾ?” ಎಂದು ಕೇಳಿಬಿಟ್ಟೆ.

“ಮೊಣಕಾಲು ನೀ ಮುರದಿದ್ದೇನು?” ಎಂದ ಅವನು. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, “ಹೇಳದ ಬರದಿ, ಅಷ್ಟ ತಪ್ಪು,” ಎಂದ. ಲಕೋಟೆಯನ್ನು ಮಡಚಿ ಕಿಸೆಗಿಟ್ಟು ಎದ್ದ. “ನಡಿ. ನಾಳೆ ಮ್ಯಾಚ್ ಐತಿ, ಬೋರ್ಡ್ ಖಾಲಿ ಬಿದ್ದೇತಿ.”

ಅಂಗಡಿಯಲ್ಲಿ ಚಾಚಾ ನಮ್ಮಿಬ್ಬರನ್ನೂ ನೋಡಿ ಸೀಮೆಸುಣ್ಣ ತೆಗೆದುಕೊಟ್ಟರು. ನಾನು ಹಲಗೆಯ ಮುಂದೆ ನಿಂತು, ಸ್ಟಾಪರನ ಹೆಸರಿನ ಎದುರು ಏನು ಬರೆಯಲಿ ಎಂದು ಅವನನ್ನೇ ಕೇಳಿದೆ.

“ನಾಳೆ ಆಡೂದಿಲ್ಲ ಅಂತ ಬರಿ. ಕಾಲಿಗೆ ಔಷಧ ಮಾಡಸ್ತಾನ ಅಂತ ಬರಿ.” ಎರಡು ಹೆಜ್ಜೆ ಹೋದವನು ಸಂತೆಯ ಜನರನ್ನು ನೋಡಿ ತಿರುಗಿ ನಿಂತ. “ಯಾವ ಕಾಲು ಅಂತ ಬರೀಬ್ಯಾಡ.”