ನೀರು ಕುಡಿಯದೆ ನಿಂತವರು

ಹೋದ ವಾರ ಒಂದು ಮಧ್ಯಾಹ್ನ ಸೇಲಂನ ನಮ್ಮ ಮನೆಗೆ ಕೊರಿಯರ್‌ನವರು ಬಂದಿದ್ದರು. ಬಿಸಿಲಿಗೆ ಅವರ ಅಂಗಿಯೆಲ್ಲ ಒದ್ದೆಯಾಗಿತ್ತು. ಪಾಪ ಅನ್ನಿಸಿ ಒಂದು ಲೋಟ ನೀರು ತಂದು ಕೊಡಹೋದೆ. ಬಾಗಿಲಾಚೆಯೇ ನಿಂತು, "ವೇಂಡಾಂ ಅಮ್ಮಾ" ಎಂದು ಕೈ ಅಲ್ಲಾಡಿಸಿದರು. ಅಷ್ಟಕ್ಕೇ ಲೋಟ ವಾಲಿ ಅರ್ಧ ನೀರು ಅವರು ತಂದ ಡಬ್ಬದ ಮೇಲೇ ಚೆಲ್ಲಿತು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೂರು ಕಡೆ ಫೋನ್ ಮಾಡಿದೆ. ಎಲ್ಲರೂ ಚೆನ್ನಾಗಿದ್ದರು. ಮಗಳು ಮಾತ್ರ, "ಏನಮ್ಮಾ, ಮತ್ತೆ ಯಾರಾದ್ರೂ ನೀರು ಬೇಡ ಅಂದ್ರಾ?" ಎಂದು ನಕ್ಕಳು.

ನಗಲಿ. ನೀವೂ ನಗುವವರಿದ್ದರೆ ನನ್ನ ಅಭ್ಯಂತರವಿಲ್ಲ, ಆದರೆ ಅದಕ್ಕೆ ಮೊದಲು ನಮ್ಮ ಕಡೆಯ ಪದ್ಧತಿ ಒಂದನ್ನು ಕೇಳಿಬಿಡಿ. ಸಾವಿನ ಸುದ್ದಿ ತಂದವರು ಮನೆಯೊಳಗೆ ಕಾಲಿಡುವುದಿಲ್ಲ. ಬೀದಿಯಲ್ಲೇ ನಿಲ್ಲುತ್ತಾರೆ. ಎಷ್ಟೇ ದೂರದಿಂದ ನಡೆದು ಬಂದಿರಲಿ, ಸುದ್ದಿ ಹೇಳುವ ತನಕ ಆ ಬೀದಿಯ ಯಾವ ಮನೆಯ ನೀರೂ ಮುಟ್ಟುವುದಿಲ್ಲ. ಆದ್ದರಿಂದ ಯಾರಾದರೂ ಬಂದರೆ ನಮ್ಮ ಹೆಂಗಸರು ಮೊದಲು ನೀರು ಹಿಡಿಯುತ್ತಾರೆ. ಅದು ಉಪಚಾರವೂ ಹೌದು, ಪರೀಕ್ಷೆಯೂ ಹೌದು. ಬಂದವರು ಚೊಂಬೆತ್ತಿ ಗಟಗಟ ಕುಡಿದರೆ ಮನೆಯವರ ಜೀವ ಜಾಗಕ್ಕೆ ಬರುತ್ತದೆ. ಆಮೇಲೆ ಅವರು ಏನು ಹೇಳಿದರೂ ಚಿಂತೆಯಿಲ್ಲ, ಹಸು ಕಳೆದಿದೆ ಅನ್ನಲಿ, ಹುಡುಗಿ ನೋಡಲು ಬರುತ್ತಾರೆ ಅನ್ನಲಿ.

ನಾನು ಮದುವೆಯಾಗಿ ತಮಿಳುನಾಡಿನ ಪಾಲಕೋಡಿನ ಹತ್ತಿರದ ಹಳ್ಳಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮಪ್ಪ ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆ ಕನ್ನಡ ಶಾಲೆಯ ಮೇಷ್ಟ್ರಾಗಿದ್ದು, ನಿವೃತ್ತರಾದ ಮೇಲೆ ಪಾಲಕೋಡಿಗೇ ಬಂದು ನೆಲೆಸಿದ್ದರು. ಹಾಗಾಗಿ ನನಗೆ ಕನ್ನಡ, ತಮಿಳು ಎರಡೂ ಓದಲು ಬರುತ್ತಿತ್ತು. ಅತ್ತೆ ಮನೆಯ ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುವವರೇ, ಆದರೆ ಕನ್ನಡ ಅಕ್ಷರ ಕಂಡವರು ಯಾರೂ ಇರಲಿಲ್ಲ, ಹೆಂಗಸರಿಗೆ ತಮಿಳು ಅಕ್ಷರವೂ ಬರುತ್ತಿರಲಿಲ್ಲ. ಓದಿದ ಸೊಸೆ ಬಂದಳೆಂದು ನನಗೊಂದು ಕೆಲಸ ಗೊತ್ತು ಮಾಡಿದರು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲ ಮುಂದಿನ ನಮ್ಮ ತಿಣ್ಣೆಯ ಮೇಲೆ ಹೆಂಗಸರು ಸೇರುತ್ತಿದ್ದರು. ಅಂಗಡಿಯಿಂದ ತಂದ ತಮಿಳು ಪೇಪರನ್ನು ನಾನು ನೋಡಿಕೊಂಡು ಕನ್ನಡದಲ್ಲಿ ಹೇಳಬೇಕು. ನನಗೆ ಅದೇ ದೊಡ್ಡ ಅಧಿಕಾರ. ಮಧ್ಯೆ ಮಧ್ಯೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ. ಕಣ್ಣಿನ ದೋಷ ಅಷ್ಟೇನೂ ಇರಲಿಲ್ಲ.

ಆ ತಿಣ್ಣೆಯ ಯಜಮಾನಿ ಅಂದರೆ ಎದುರುಮನೆಯ ಚಿಕ್ಕತಾಯಮ್ಮ. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಹೊಗೆನಕಲ್‌ನಲ್ಲಿ ತೆಪ್ಪ ಹತ್ತಿ ಕಾವೇರಿ ಹೊಳೆ ದಾಟಿದರೆ ಸಿಗುವ ಆಚೆ ದಡದ ಊರು ಅವರ ತವರು. ಪೇಪರಿನಲ್ಲಿ ಎಂಥ ಸುದ್ದಿ ಬಂದರೂ ಅವರು ಅದನ್ನು ಹೇಗೋ ತಿರುಗಿಸಿ ತವರಿಗೆ ಕೊಂಡೊಯ್ಯುತ್ತಿದ್ದರು. ಮದರಾಸಿನಲ್ಲಿ ಸೇತುವೆ ಕಟ್ಟಿದರು ಅಂದರೆ, "ನಮ್ಮೂರಾಗೂ ಕಟ್ತೀವಿ ಅಂದಿದ್ರು ಕಣವ್ವ" ಎಂದು ಶುರು. ಅಲ್ಲಿಂದ ಮುಂದೆ ಅವರ ಅಣ್ಣನ ಕಥೆ. ಅಣ್ಣ ತೆಪ್ಪ ಹಾಕುತ್ತಿದ್ದವರು. ತಂಗಿಯನ್ನು ಮದುವೆ ಮಾಡಿ ಕಳಿಸುವಾಗ ಬೇರೆ ಯಾರ ತೆಪ್ಪಕ್ಕೂ ಹತ್ತಿಸದೆ, ಹೊಳೆ ತುಂಬಿದ್ದರೂ ತಾವೇ ದಾಟಿಸಿದ್ದರಂತೆ. ನಡುನೀರಿನಲ್ಲಿ ಅಳು ತಡೆಯಲಾರದೆ, ಮುಖ ಮರೆಮಾಡಲು ತೆಪ್ಪವನ್ನೇ ಗಿರ್ರನೆ ತಿರುಗಿಸಿದರಂತೆ. "ಬೀಗ್ರೆಲ್ಲ ವಾಂತಿ ಮಾಡ್ಕಂಡ್ರು" ಎಂದು ಹೇಳುವಾಗ ದೊಡ್ಡಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು, ನಮಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು.

ಹೀಗಿರುವಾಗ ಕಾವೇರಿ ನೀರಿನ ಗಲಾಟೆ ಬಂತು. ಟೊಮೆಟೊ ಲೋಡು ಹಾಕಿಕೊಂಡು ನಮ್ಮ ಯಜಮಾನರು ಬೆಂಗಳೂರಿನ ಮಂಡಿಗೆ ಹೋಗಿ ಎರಡು ದಿನವಾಗಿತ್ತು. ವ್ಯಾನು ನಮ್ಮದೇ. ಓಡಿಸುತ್ತಿದ್ದವರು ಪಕ್ಕದ ಮನೆಯ ರಂಗಮ್ಮನ ಗಂಡ. ಇಬ್ಬರೂ ಅಲ್ಲೇ ಸಿಕ್ಕಿಕೊಂಡರು. ಹೊಸೂರು ದಾರಿಯಲ್ಲಿ ಬಸ್ಸುಗಳು ನಿಂತವು. ಪಾಲಕೋಡಿನ ಬೂತಿನಿಂದ ಮಂಡಿಗೆ ಫೋನ್ ಮಾಡಿದರೆ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ನಮ್ಮ ಭಯ ಎಂಥದ್ದು ಅಂತ ಹೇಳಬೇಕು. ಅಲ್ಲಿ ಆ ಇಬ್ಬರ ಬಾಯಲ್ಲಿ ಕನ್ನಡವಿದೆ, ಗಾಡಿಯ ಮೇಲೆ ತಮಿಳುನಾಡಿನ ನಂಬರ್ ಇದೆ. ಜನ ಬಾಯಿ ಬಿಡಿಸಿ ಕೇಳುತ್ತಾರೋ, ನಂಬರ್ ನೋಡಿಯೇ ಕಲ್ಲು ಎತ್ತುತ್ತಾರೋ? ಇಲ್ಲಿ ನಮ್ಮ ಗಾಡಿಗಳೆಲ್ಲ ಸರಿ, ಬಾಯಿ ಸರಿಯಿಲ್ಲ. ನಮ್ಮತ್ತೆ ಪಾಲಕೋಡಿಗೆ ಹೋಗುವಾಗ ಟೌನ್ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ, ಸರಿದುಕೊಳ್ಳಿ ಎಂದು ಕೇಳಲು ಹೆದರಿ ನಿಂತೇ ಹೋದರು. ಅವರಿಗೆ ತಮಿಳು ಬರುವುದಿಲ್ಲವೆಂದಲ್ಲ, ನೀರಿನ ಹಾಗೆ ಬರುತ್ತದೆ. ಆದರೆ ಆ ದಿನಗಳಲ್ಲಿ ಗಂಟಲಿನಿಂದ ಯಾವ ಭಾಷೆ ಮೊದಲು ಹೊರಗೆ ಬೀಳುತ್ತದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಟೀ ಅಂಗಡಿಯ ಅಣ್ಣ ಒಳ್ಳೆಯ ಮನುಷ್ಯ. ಬೀದಿಗೆ ಬಂದು, "ಬಯಪ್ಪಡಾದೀಂಗಕ್ಕಾ, ನಾಂಗ ಇರುಕ್ಕೋಂ" ಎಂದು, ಹೆದರಬೇಡಿ ನಾವಿದ್ದೇವೆ ಅಂತ ಧೈರ್ಯ ಹೇಳಿಹೋದರು. ಆವತ್ತಿನಿಂದ ನಮ್ಮ ಹೆದರಿಕೆ ಎರಡರಷ್ಟಾಯಿತು. ಧೈರ್ಯ ಹೇಳಬೇಕಾದಂಥದ್ದು ಏನೋ ಇದೆ ಎಂದು ಖಾತ್ರಿಯಾಯಿತಲ್ಲ!

ಪೇಪರ್ ಓದುವುದು ನನ್ನ ಪಾಲಿಗೆ ಶಿಕ್ಷೆಯಾಯಿತು. ಲಾರಿ, ಬೆಂಕಿ ಎಂಬ ಮಾತು ಕಂಡ ಕಡೆಯೆಲ್ಲ ಸಾಲು ಹಾರಿಸಿ, ಬೆಳೆಯ ಬೆಲೆ, ಹವಾಮಾನ ಹೇಳುತ್ತಿದ್ದೆ. ರಂಗಮ್ಮ ಪೇಪರ್ ನೋಡುತ್ತಿರಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದಳು. "ಅಷ್ಟೇನಾ ಐತೆ?" ಎಂದು ಕೇಳುತ್ತಿದ್ದಳು. ಅಷ್ಟೇ ಅನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ, ನಂಬಿದಂತೆ ತಲೆಯಾಡಿಸುತ್ತಿದ್ದಳು.

ಆಗ ದೊಡ್ಡಮ್ಮ, "ಆ ಕಾಗ್ದ ಮಡಗು ಅತ್ಲಾಗೆ" ಎಂದು ತಮ್ಮ ಕಥೆ ಎತ್ತಿಕೊಳ್ಳುತ್ತಿದ್ದರು. ಅವರೆಕಾಯಿ ಸುಲಿಯುತ್ತಾ ಕೂತ ನಮಗೆ ಐದಾರು ದಿನ ಅವರೇ ಅನ್ನ ಇಳಿಯುವಂತೆ ಮಾಡಿದ್ದು. ಅಣ್ಣ ಹಿಡಿದ ದೊಡ್ಡ ಮೀನು, ಅಣ್ಣ ಅತ್ತಿಗೆಗೆ ಹೆದರಿ ಮರ ಹತ್ತಿದ್ದು. "ಈ ಗಲಾಟೆ ಮುಗೀಲಿ, ನಿಮ್ಮುನ್ನೆಲ್ಲ ಕರ್ಕೊಂಡೋಗ್ತೀನಿ. ನಮ್ಮಣ್ಣ ಮೀನ್ ಸಾರು ಮಾಡುಸ್ತಾನೆ" ಎನ್ನುತ್ತಿದ್ದರು. ನಾನು ಕಥೆ ಕೇಳುತ್ತಿದ್ದೆ ಅಂದರೆ ಸುಳ್ಳು. ಬೀದಿಯ ತುದಿಯಲ್ಲಿ ಯಾವ ತಲೆ ಕಾಣಿಸಿದರೂ ಒಳಗೆ ಓಡಿ ನೀರಿನ ಚೊಂಬು ಮುಟ್ಟಿ ಬರುತ್ತಿದ್ದೆ.

ಗಲಾಟೆ ಶುರುವಾದ ಎಂಟನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ತುದಿಯಲ್ಲಿ ನಮ್ಮ ಯಜಮಾನರೇ ಕಾಣಿಸಿಕೊಂಡರು. ಗಡ್ಡ ಬೆಳೆದಿತ್ತು, ಪಂಚೆ ಮಣ್ಣಾಗಿತ್ತು. ಅವರು ಒಬ್ಬರೇ ಬರುತ್ತಿದ್ದರು. ನಮ್ಮತ್ತೆ "ಅಯ್ಯೋ ನಮ್ಮಪ್ಪಾ" ಎಂದು ಚೊಂಬು ಹಿಡಿದು ಬೀದಿಗೆ ಓಡಿದರು. ಯಜಮಾನರು ತಿಣ್ಣೆಗೆ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ತುಟಿ ಒಡೆದು ಬಿಳಿಚಿತ್ತು. ಚೊಂಬನ್ನು ನೋಡಿದರು, ಎಂಜಲು ನುಂಗಿದರು, ಕೈ ಚಾಚಲಿಲ್ಲ. "ಬ್ಯಾಡ ಕಣವ್ವ" ಅಂದರು.

ನನ್ನ ಗಂಡ ಕಣ್ಣೆದುರಿಗಿದ್ದಾರೆ. ಅಪ್ಪ ಅಮ್ಮನನ್ನು ಹಿಂದಿನ ದಿನವಷ್ಟೇ ಪಾಲಕೋಡಿನಲ್ಲಿ ನೋಡಿ ಬಂದಿದ್ದೆ. ಜೊತೆಗೆ ಹೋದ ರಂಗಮ್ಮನ ಗಂಡ ಬಂದಿಲ್ಲ. ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ನನ್ನದಲ್ಲ, ರಂಗಮ್ಮನದು, ಅಂದಿತು ಮನಸ್ಸು. ಅಂದಿದ್ದಷ್ಟೇ ಅಲ್ಲ, ಸಂತೋಷಪಟ್ಟಿತು. ಮೈಯೆಲ್ಲ ಹಗುರಾಯಿತು. ಮುಖ ಅರಳಿತೆಂದು ನನಗೇ ಗೊತ್ತಾಯಿತು. ಗೊತ್ತಾದ ಕೂಡಲೇ ಯಾರಾದರೂ ನೋಡಿದರೇ ಎಂದು ಎದುರಿಗೆ ಕೂತಿದ್ದ ದೊಡ್ಡಮ್ಮನ ಕಡೆ ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ರಂಗಮ್ಮ ಅವರೆಕಾಯಿ ಮೊರದ ಮೇಲೇ ಬಿದ್ದು ಕಿರುಚಿಕೊಂಡಳು. ಯಜಮಾನರು ಗಾಬರಿಯಾಗಿ, "ಅಕ್ಕಾ, ಅಳಬ್ಯಾಡ! ಭಾವ ಚೆನ್ನಾಗವ್ರೆ, ಕನಕಪುರದಾಗೆ ಗಾಡಿತಾವ ಅವ್ರೆ" ಅಂದರು. ಆಮೇಲೆ ನಿಧಾನವಾಗಿ ದೊಡ್ಡಮ್ಮನ ಕಡೆ ತಿರುಗಿದರು. "ದೊಡ್ಡವ್ವ, ನಿಮ್ಮಣ್ಣ ಓಗ್ಬುಟ್ರು. ಜ್ವರ ಅಂತೆ. ಐದು ದಿನ ಆತು."

ನಡೆದದ್ದು ಇಷ್ಟು. ಹೊಸೂರು ದಾರಿ ಮುಚ್ಚಿದ್ದರಿಂದ ಗಾಡಿ ಬಿಟ್ಟು ಇವರು ಮಾದೇಶ್ವರನ ಬೆಟ್ಟದ ಕಡೆಯಿಂದ ಕಾಡು ದಾರಿಯಲ್ಲಿ ನಡೆದು ಬಂದಿದ್ದರು. ಆ ಕಾಡಿನಲ್ಲಿ ಆಗ ಬೇರೆಯದೇ ಭಯ, ದಂತಚೋರನದು, ಇದ್ದ ಕಾಲ. ಹೊಳೆಯ ಆಚೆ ದಡದಲ್ಲಿ ದೊಡ್ಡಮ್ಮನ ತವರಿನವರು ಸಿಕ್ಕರು. ಗಲಾಟೆಗೆ ತೆಪ್ಪ ಬಿಡದೆ, ಬಸ್ಸಿಲ್ಲದೆ, ಒಡಹುಟ್ಟಿದವಳಿಗೆ ಹೇಳಿ ಕಳಿಸಲೂ ಆಗದೆ ಅವರು ಮಣ್ಣು ಮುಗಿಸಿದ್ದರು. ಗಲಾಟೆ ಸ್ವಲ್ಪ ತಣ್ಣಗಾಗಿದ್ದರಿಂದ ಆವತ್ತು ಇವರನ್ನು ತೆಪ್ಪದಲ್ಲಿ ದಾಟಿಸಿ ಸುದ್ದಿ ಹೇಳಿ ಕಳಿಸಿದ್ದರು. ನಮಗೆ ಅನ್ನ ಇಳಿಸಲೆಂದು ದೊಡ್ಡಮ್ಮ ಐದು ಮಧ್ಯಾಹ್ನ ಯಾರ ಕಥೆ ಹೇಳಿದ್ದರೋ, ಆ ಮನುಷ್ಯ ಆಗಲೇ ಇರಲಿಲ್ಲ. ಕಲ್ಲೆಸೆತ, ಬೆಂಕಿ ಎಂದು ನಾವು ಹೆದರಿ ಕೂತಿದ್ದಾಗ ಸಾವು ಬರೀ ಜ್ವರವಾಗಿ ಬಂದು ಹೋಗಿತ್ತು.

ಆಮೇಲೆ ದೊಡ್ಡಮ್ಮ ತಿಣ್ಣೆಗೆ ಬರುವುದನ್ನು ಬಿಟ್ಟರು. ಬೇರೆಯವರ ಮನೆಯಲ್ಲಿ ಕೂತು ಮಾತಾಡುತ್ತಿದ್ದರು, ನಾನು ಬಂದರೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದರು. ಯಾಕೆಂದು ನನಗೆ ಗೊತ್ತಿತ್ತು. ಸಾವಿನ ಎದುರು ಅರಳಿದ ನನ್ನ ಮುಖ ನೋಡಿದವರು ಅವರೊಬ್ಬರೇ. ನಾನೂ ಅವರನ್ನು ತಪ್ಪಿಸಿಕೊಂಡು ಓಡಾಡಿದೆ. ನಾವು ಸೇಲಂಗೆ ಬಂದಾಗ, ಹೇಳುವುದಕ್ಕೇನು, ಒಳಗೊಳಗೇ ನೆಮ್ಮದಿಯಾಯಿತು.

ಕೊರಿಯರ್‌ನವರು ನೀರು ಬೇಡ ಅಂದುಹೋದ ಮೇಲೆ ನನಗೆ ನಾಲ್ಕು ದಿನ ನಿದ್ದೆ ಬರಲಿಲ್ಲ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ನಾಳೆ ಅವರದೇ ಸುದ್ದಿ ಬಂದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ದೊಡ್ಡಮ್ಮ ಬಾಗಿಲ ಬಳಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಒಳಗೆ ಮೊಮ್ಮಕ್ಕಳು ತಮಿಳಿನಲ್ಲಿ ಜಗಳವಾಡುತ್ತಿದ್ದವು. ಗುರುತು ಹಿಡಿದರು. ಯಾರು ಇದ್ದಾರೆ, ಯಾರು ಇಲ್ಲ ಎಂದು ಬೀದಿಯ ಮನೆಗಳನ್ನೆಲ್ಲ ಇಬ್ಬರೂ ಒಂದು ಸುತ್ತು ಹಾಕಿ ಬಂದೆವು. ಮಾತು ಮುಗಿದಾಗ ಹೇಳಿಬಿಟ್ಟೆ. "ದೊಡ್ಡಮ್ಮ, ಆವತ್ತು ಇವರು ನೀರು ಬೇಡ ಅಂದಾಗ ನನಗೆ ಸಂತೋಷವಾಯ್ತು. ರಂಗಕ್ಕನ ಮನೆಯದು, ನನ್ನದಲ್ಲ ಅಂತ. ನೀವು ನೋಡಿದ್ರಿ."

ಅವರು ಸೀರೆಯ ಸೆರಗನ್ನು ಮಡಿಸಿಟ್ಟುಕೊಂಡರು.

"ನಾನೇನು ನೋಡ್ದೆ?" ಅಂದರು. "ನಂಗೂ ಅಂಗೇ ಆಗಿತ್ತು ಕಣವ್ವ. ರಂಗಿದು, ನಂದಲ್ಲ, ಸದ್ಯ ಬದುಕ್ದೆ ಅಂದ್ಕಂಡೆ. ಅಣ್ಣ ಸತ್ತು ಮಣ್ಣಾಗವ್ನೆ, ನಾನು ನಗಾಡ್ದಂಗೆ ಆಗೋಯ್ತು. ಆಗ್ಲೇ ನೀನು ಈ ಕಡೆ ತಿರುಗ್ದೆ. ಈ ಮುಂಡೆ ಮುಖ ನೀನು ಕಂಡುಬುಟ್ಟೆ ಅಂತ, ನಿನ್ ಕಣ್ಣಿಗೆ ಬೀಳಾಕೇ ಎದ್ರುಕಂಡು ಓಡಾಡಿದೀನಿ."

ನಾನು ಏನೂ ನೋಡಿರಲಿಲ್ಲ ಅಂದೆ. ಅವರು ನಂಬದೆ ನನ್ನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆವತ್ತಿನ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು ಅದೇ ಮೊದಲು.