ರಾಗಿ ಹಿಟ್ಟಿನ ಪರೀಕ್ಷೆ

ಹೊಳೆನರಸೀಪುರದ ಆ ಮೇಸ್ತ್ರಿ ಕಾರಿನ ಬಾನೆಟ್ಟು ಎತ್ತಿದೊಡನೆ, ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಅಂಗೈ ಅಡ್ಡ ಹಿಡಿದು ಕಣ್ಣು ಮುಚ್ಚುತ್ತಿದ್ದ. "ಮೊದ್ಲು ಉಸ್ರು ನೋಡ್ಬೇಕು ಕಣ್ಲಾ" ಎನ್ನುತ್ತಿದ್ದ.

ಅರವತ್ತರ ದಶಕದ ಮಾತು. ನಾನು ಬಾಡಿಗೆ ಕಾರು ಓಡಿಸುತ್ತಿದ್ದೆ. ಕೊಣನೂರಿನ ಮಣ್ಣು ರಸ್ತೆಯ ಧೂಳು ಕುಡಿದು ಅದು ಒಮ್ಮೆ ಮದುವೆ ದಿಬ್ಬಣದ ನಡುವೆಯೇ ನಿಂತಿತ್ತು. ಇನ್ನೊಮ್ಮೆ ನಿಂತರೆ ಯಾರೂ ನನ್ನನ್ನು ಮದುವೆಗೆ ಕರೆಯುತ್ತಿರಲಿಲ್ಲ.

ಗಾಳಿಯ ಧೂಳು ಸೋಸುವ ಹೊಸ ಏರ್ ಕ್ಲೀನರ್ ಆರಿಸಲು ಮೇಸ್ತ್ರಿ ಅಡುಗೆಮನೆಯಿಂದ ರಾಗಿ ಹಿಟ್ಟು ತಂದ. ಕ್ಲೀನರಿನ ಹಿಂದೆ ಒದ್ದೆ ಬಿಳಿ ಬಟ್ಟೆ ಕಟ್ಟಿ, ಎಂಜಿನ್ನು ಚಾಲೂ ಮಾಡಿ, ಕ್ಲೀನರಿನ ಬಾಯಿಗೆ ಹಿಟ್ಟು ಎರಚಿದ. ನಾನು ಬೆಂಗಳೂರಿನಿಂದ ಆಸೆಪಟ್ಟು ತಂದಿದ್ದ ಮಿರಿಮಿರಿ ಮಿಂಚುವ ಕ್ಲೀನರು ಹಿಟ್ಟನ್ನೆಲ್ಲ ಬಟ್ಟೆಗೆ ಬಿಟ್ಟುಕೊಟ್ಟಿತು. ಆಮೇಲೆ ಹಳೇ ಟ್ರ್ಯಾಕ್ಟರಿನಿಂದ ಬಿಚ್ಚಿದ್ದ ಕಪ್ಪು ಡಬ್ಬಿಯ ಸರದಿ. ಅದರ ತಳದಲ್ಲಿ ಎಣ್ಣೆಯ ಬಟ್ಟಲಿತ್ತು. ಹಿಟ್ಟೆಲ್ಲ ಆ ಎಣ್ಣೆಗೇ ಅಂಟಿತು, ಬಟ್ಟೆ ಬೆಳ್ಳಗೇ ಉಳಿಯಿತು.

"ರಾತ್ರಿ ಮುದ್ದೆಗೆ ಧೂಳೇ ಆಕ್ತೀನಿ" ಎಂದಳು ಅವನ ಹೆಂಡತಿ ಒಳಗಿನಿಂದ.

"ಆಕು" ಎಂದು ಅವನು ಕಪ್ಪು ಡಬ್ಬಿಯನ್ನೇ ನನ್ನ ಕಾರಿಗೆ ಬಿಗಿದ.

ಮುಂದಿನ ಮದುವೆಗೆ ಮದುಮಗನ ಪಕ್ಕದಲ್ಲಿ ಅವನೂ ಕುಳಿತ. ಮುಂದೆ ಹೋಗುತ್ತಿದ್ದ ಬಸ್ಸಿನ ಧೂಳಿಗೆ ನನಗೆ ರಸ್ತೆಯೇ ಕಾಣಲಿಲ್ಲ, ಆದರೆ ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ಕೊಣನೂರಿನ ಚಪ್ಪರದ ಮುಂದೆ ಮೇಸ್ತ್ರಿ ಮೊದಲು ಇಳಿದು, ಎಣ್ಣೆ ಬಟ್ಟಲು ಬಿಚ್ಚಿ, ಅದರೊಳಗಿನ ಕೆಸರನ್ನು ಬೀಗರ ಮುಂದೆ ಹಿಡಿದ.

"ನಿಮ್ಮೂರ್ ರಸ್ತೆ ಪೂರಾ ಇಲ್ಲೈತೆ ನೋಡಿ. ಎಂಜಿನ್ನೊಳಕ್ಕೆ ಒಂದ್ ಚಿಟಿಕೆ ಓಗಿಲ್ಲ."

ಆರತಿ ಹಿಡಿದು ನಿಂತಿದ್ದ ಹೆಂಗಸರು ನಕ್ಕು, ಮೊದಲ ಆರತಿಯನ್ನು ಕಾರಿಗೇ ಎತ್ತಿದರು. ಮದುಮಗ ಒಳಗೆ ಕುಳಿತು ಕಾದ.